ಮಗ್ಗ ನಿಂತರೆ ಏಳುವ ಕೂಸು

5 ಜನವರಿ 1983, ಬುಧವಾರ

ಬೆಳಿಗ್ಗೆ ನಳಕ್ಕೆ ನೀರು ಬರಲಿಲ್ಲ. ಏಳಕ್ಕೆ ಮಗ್ಗಕ್ಕೆ ಕೂತೆ. ಹಸಿರು ಸೀರೆ, ಕೆಂಪು ದಡಿ. ಎಳೆ ಮೇಲಿಂದ ಮೇಲೆ ಹರಿಯುತ್ತಿದೆ. ಚಳಿಗೆ ನೂಲು ಗಂಜಿಯನ್ನು ಸರಿಯಾಗಿ ಹಿಡಿದಿಲ್ಲ.

ನೇಕಾರರ ಸೊಸೈಟಿಯವರು ಈ ಸಲವೂ ಡೈರಿ ಕೊಟ್ಟರು. ಹೋದ ವರ್ಷದ ಡೈರಿಯ ಹಾಳೆ ಹರಿದು ಸುಮಿತ್ರಾ ಮಕ್ಕಳಿಗೆ ಚುರಮರಿ ಕಟ್ಟಿಕೊಟ್ಟಳು. ಕಟ್ಟಿಕೊಂಡ ಹೆಂಡತಿಗೆ ಗಂಡನ ಅಕ್ಷರದ ಮೇಲೆ ಇಷ್ಟು ಗೌರವ! ಈ ಸಲದ್ದನ್ನು ಮಗ್ಗದ ಹಿಂದಿನ ಗೂಡಿನಲ್ಲಿ ಎತ್ತರಕ್ಕೆ ಇಟ್ಟಿದ್ದೇನೆ.

ಕಸ್ತೂರಿಗೆ ವರ್ಷ ತುಂಬಿತು. ತೊಟ್ಟಿಲು ನನ್ನ ಮಗ್ಗದ ಪಕ್ಕದಲ್ಲೇ. ಮಗ್ಗದ ಚೌಕಟ್ಟು ಬಿಗಿದ ತೊಲೆಗೇ ತೊಟ್ಟಿಲನ್ನೂ ತೂಗುಹಾಕಿದೆ. ನಾನು ನೇಯ್ದಂತೆ ತೊಟ್ಟಿಲೂ ಸಣ್ಣಗೆ ನಡುಗುತ್ತದೆ, ಬೇರೆ ತೂಗುವುದು ಬೇಡ. ಒಳ್ಳೆ ಕೂಸು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಡಿದರೂ ಕಣ್ಣು ಬಿಡುವುದಿಲ್ಲ. ಆದರೆ ನಾನು ಮಗ್ಗ ನಿಲ್ಲಿಸಿದೆನೋ — ಎದ್ದಳು, ಅತ್ತಳು. ಒಂದು ಬೀಡಿ ಸೇದುವ ಹಾಗಿಲ್ಲ.

ಅವ್ವ ನಗುತ್ತಾಳೆ. “ಅಪ್ಪಟ ನೇಕಾರರ ಕೂಸು ನೋಡಪಾ ಇದು. ನಿನ್ನ ದುಡಿಸಾಕಂತ ಹುಟ್ಟೈತಿ.”

18 ಜನವರಿ

ಸುಮಿತ್ರಾಳೊಡನೆ ಪಂತ. ಕಸ್ತೂರಿ ಮೊದಲು ‘ಅವ್ವ’ ಅಂದರೆ ಒಂದು ತಿಂಗಳು ನಳದ ನೀರು ನಾನು ತುಂಬಬೇಕು. ‘ಅಪ್ಪ’ ಅಂದರೆ ಒಂದು ತಿಂಗಳು ನಾನು ಹೇಳಿದ ಪಲ್ಯವೇ ಆಗಬೇಕು, ಎದುರು ಮಾತಿಲ್ಲ. ಉಳವಪ್ಪನ ಹೊತ್ತಿಗೂ ಹೀಗೇ ಪಂತ ಕಟ್ಟಿದ್ದೆವು. ಆ ಮಗ ಮೊದಲು ಅಂದದ್ದು ‘ಆಯಿ’, ಅಂದರೆ ಅಜ್ಜಿ. ಅವ್ವ ಓಣಿ ತುಂಬ ಸಕ್ಕರೆ ಹಂಚಿದಳು, ನಾವಿಬ್ಬರೂ ಮುಖಮುಖ ನೋಡಿಕೊಂಡೆವು. ಈಗ ಅವನಿಗೆ ಐದಾಗುತ್ತ ಬಂತು, ಮಾತು ನಿಲ್ಲಿಸುವುದೇ ಕಷ್ಟ.

“ಈ ಸಲ ನಾನ ಗೆಲ್ಲಾಕಿ,” ಎಂದಳು ಸುಮಿತ್ರಾ. “ದಿನಾ ಕಿವ್ಯಾಗ ಹೇಳಿಕೊಡಾಕತ್ತೀನಿ.”

ಇದು ಮೋಸ. ಆದರೆ ನಾನೂ ಹೇಳಿಕೊಡುತ್ತಿದ್ದೇನೆ.

9 ಫೆಬ್ರವರಿ, ಬುಧವಾರ

ಕಸ್ತೂರಿ ನಡೆದಳು! ತೊಟ್ಟಿಲಿನಿಂದ ನನ್ನ ಮಗ್ಗದ ಕಂಬದವರೆಗೆ. ಕಂಬ ಹಿಡಿದು ಕೆನ್ನೆ ಆನಿಸಿ ನಿಂತಳು. ಮಗ್ಗ ನಡೆಯುವಷ್ಟು ಹೊತ್ತು, ಲಾಳಿ ಓಡಿಸಲು ನಾನು ಹಗ್ಗ ಜಗ್ಗುವುದನ್ನೇ ನೋಡುತ್ತ, ಹಾಗೇ. ನಗುತ್ತಿದ್ದಳು.

ಲಾಳಿಯ ಕಂಡಿಕೆಗೆ ನೂಲು ಸುತ್ತಲು ಬರುವ ಮೆಹಬೂಬಿ ರಾಟಿ ಬಿಟ್ಟು ಎದ್ದು ದೃಷ್ಟಿ ತೆಗೆದಳು. “ಎಷ್ಟ ಚಂದ ನಿಂತಾಳ ನೋಡ್ರಿ ಅಣ್ಣಾರ! ನನ್ನ ಕಣ್ಣೂ ಹತ್ತಬಾರ್ದು.”

27 ಫೆಬ್ರವರಿ, ಭಾನುವಾರ

ಲಕ್ಕುಂಡಿಯಿಂದ ಮಾವನವರು, ಸುಮಿತ್ರಾಳ ಅಪ್ಪ, ಬಂದಿದ್ದರು. ಹೊಲದ ಜನ, ದನಿ ದೊಡ್ಡದು. ನಮ್ಮ ಮನೆಯಲ್ಲಿ ಮಾತ್ರ ಎಷ್ಟು ಕೂಗಿದರೂ ಮಗ್ಗದ ಮುಂದೆ ಸೋತರು. ನಾನು ಮಗ್ಗದಲ್ಲಿ, ಅವ್ವ ಎದುರಿನ ಮಗ್ಗದಲ್ಲಿ, ಮೆಹಬೂಬಿ ರಾಟಿಯ ಮುಂದೆ. ಮಾತೆಲ್ಲ ಕೈಯಲ್ಲೇ. ಬೆರಳು ಕೂಡಿಸಿ ಬಾಯಿಗೆ ತಂದರೆ ಊಟ. ಹೆಬ್ಬೆರಳು ಬಾಯಿಗೆ ಎತ್ತಿದರೆ ನೀರು. ಎರಡು ಬೆರಳು ಚಿವುಟಿ ಬಿಟ್ಟರೆ ಎಳೆ ಹರಿದಿದೆ. ಮೂಗು ಮುಟ್ಟಿದರೆ ಮೂಗುತಿಯ ಸುಮಿತ್ರಾ. ತಲೆಯ ಮೇಲೆ ಸೆರಗು ಎಳೆದಂತೆ ಮಾಡಿದರೆ ಅವ್ವ. ಗಲ್ಲ ಉಬ್ಬಿಸಿದರೆ ಉಳವಪ್ಪ.

ಮಾವನವರು ಬೆರಗಾದರು. “ಮೂಕರ ಸಂತಿ ಆತಲ್ಲೋ ಇದು!” ಎಂದರು. ಸುಮಿತ್ರಾ ಹೇಳಿದಳು — ಮದುವೆಯಾಗಿ ಬಂದ ಹೊಸದರಲ್ಲಿ ಯಾರೂ ಮಾತಾಡಿಸುವುದಿಲ್ಲ, ಎಲ್ಲರಿಗೂ ತನ್ನ ಮೇಲೆ ಸಿಟ್ಟು ಅಂದುಕೊಂಡು ಹಿತ್ತಲಲ್ಲಿ ಅಳುತ್ತಿದ್ದಳಂತೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

“ಮತ್ತ ನಿನ್ನ ಗಂಡಗ ಏನ ಕೈ ಮಾಡ್ತೀರಿ?” ಎಂದು ಮಾವ ಕೇಳಿದರು.

ಎಲ್ಲರೂ ಯೋಚಿಸಿದರು. ನನಗೊಂದು ಸನ್ನೆ ಇಲ್ಲ! ಮೂರು ಹೊತ್ತೂ ಮಗ್ಗದ ಕುಣಿಯಲ್ಲೇ, ಆ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತಿರುವವನನ್ನು ಯಾರು, ಎಲ್ಲಿಂದ ಕರೆಯಬೇಕು? ಹೆಗಲು ತಟ್ಟಿದರೆ ಆಯಿತು.

20 ಮಾರ್ಚ್

ಇವತ್ತು ಕಸ್ತೂರಿ ನೀರು ಕೇಳಿದಳು. ಬಾಯಲ್ಲಲ್ಲ — ಹೆಬ್ಬೆರಳೆತ್ತಿ, ನಮ್ಮ ಹಾಗೆಯೇ! ಅವ್ವ ಮಗ್ಗ ಬಿಟ್ಟು ಎದ್ದು ಬಂದು ಕೊಟ್ಟಳು. ಕುಡಿದು ಮತ್ತೆ ಎತ್ತಿದಳು. ಮತ್ತೆ ಕೊಟ್ಟಳು. ಹೊಟ್ಟೆ ಗಡಿಗೆಯಾಗುವವರೆಗೆ ಕುಡಿದಳು, ಕೊಟ್ಟವರ ಮುಖ ನೋಡುವುದಕ್ಕೆ.

ಬಾಯಿಗಿಂತ ಮೊದಲು ಕೈ ಬಂತು. ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ.

15 ಏಪ್ರಿಲ್, ಶುಕ್ರವಾರ

ಯುಗಾದಿಗೆ ಲಕ್ಕುಂಡಿಗೆ ಹೋಗಿದ್ದೆವು. ಅಲ್ಲಿ ಸುಮಿತ್ರಾಳ ತಂಗಿಯ ಮಗ ಇದ್ದ. ಕಸ್ತೂರಿಗಿಂತ ಸಣ್ಣವನು. ‘ಅವ್ವ’, ‘ಅಜ್ಜಾ’, ‘ಬಾ’, ‘ಹೋ’, ‘ಎಮ್ಮಿ’ — ಬಾಯಿ ತುಂಬ ಮಾತು. ಕಸ್ತೂರಿ ಅವನ ಬಾಯನ್ನೇ ನೋಡುತ್ತಿದ್ದಳು. ಒಮ್ಮೆ ಅವನ ತುಟಿಗೆ ಬೆರಳು ಹಾಕಿದಳು. ಎಲ್ಲರೂ ನಕ್ಕರು. ಸುಮಿತ್ರಾ ನಗಲಿಲ್ಲ.

ಬಸ್ಸಿನಲ್ಲಿ ಗದಗದವರೆಗೂ ಕೂಸಿನ ಮುಖವನ್ನೇ ನೋಡುತ್ತ ಕೂತಳು. ಟಾಂಗಾ ಹತ್ತಿದ ಮೇಲೆ ಕೇಳಿದಳು. “ಏನ್ರೀ, ಅಕಿಗೆ ಕಿವಿ ಕೇಳಸ್ತಾವೋ ಇಲ್ಲೋ?”

ನನಗೆ ಸಿಟ್ಟು ಬಂತು. “ಹಬ್ಬದ ದಿನ ಏನ ಮಾತಾಡ್ತಿ? ಮಗ್ಗ ನಿಂತರ ಏಳ್ತಾಳೋ ಇಲ್ಲೋ? ಕಿವಿ ಕೇಳದ್ದ ಹ್ಯಾಂಗ ಏಳ್ತಾಳ?”

ಮನೆಗೆ ಬಂದವನೇ ಕಸ್ತೂರಿಯನ್ನು ಮಲಗಿಸಿ ಮಗ್ಗ ನಡೆಸಿದೆ. ನಿದ್ದೆ ಹತ್ತಿದ ಮೇಲೆ ನಿಲ್ಲಿಸಿದೆ. ಎದ್ದಳು. “ನೋಡಿದ್ಯಾ?” ಎಂದೆ. ಸುಮಿತ್ರಾ ಹಣೆಗೆ ಕೈ ಹಚ್ಚಿ ದೇವರ ಕಡೆ ತಿರುಗಿದಳು. ಗೆದ್ದೆ ಅನ್ನಿಸಿತು.

2 ಮೇ

ಅವ್ವ ದಿನಾ ಬಜೆ ಬೇರು ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಿದ್ದಾಳೆ, ನಾಲಿಗೆ ಹೊರಳಲಿ ಅಂತ. ಕಸ್ತೂರಿ ಜೇನು ಚೀಪಿ ಬಜೆ ಉಗುಳುತ್ತಾಳೆ. ಮೆಹಬೂಬಿ ತವರು ಲಕ್ಷ್ಮೇಶ್ವರಕ್ಕೆ ಹೋದವಳು ದರ್ಗಾದ ಸಕ್ಕರೆ ತಂದಳು. ಅದನ್ನು ಅರ್ಧ ಉಳವಪ್ಪ ಕದ್ದು ತಿಂದ. ಅವನ ಮಾತು ಇನ್ನೂ ಜಾಸ್ತಿಯಾಗಿದೆ.

ಅವ್ವ ಸೊಸೆಗೆ ಸಮಾಧಾನ ಹೇಳುತ್ತಾಳೆ. “ನಿನ್ನ ಗಂಡನೂ ಮೂರು ವರ್ಷ ಆಗೂಮಟ ಪಿಟ್ ಅಂದಿದ್ದಿಲ್ಲ. ಈಗ ನೋಡು, ಬಾಯಿ ಮುಚ್ಚು ಅಂದ್ರೂ ಮುಚ್ಚಂಗಿಲ್ಲ.”

26 ಜೂನ್, ಭಾನುವಾರ

ಕ್ರಿಕೆಟ್ಟಿನಲ್ಲಿ ನಮ್ಮ ದೇಶ ಗೆದ್ದಿತಂತೆ. ಪೇಟೆಯ ಹುಡುಗರು ಪಟಾಕಿ ಹಚ್ಚಿದರು. ಒಂದು ನಮ್ಮ ಬಾಗಿಲ ಮುಂದೆಯೇ ಸಿಡಿಯಿತು. ಉಳವಪ್ಪ ಚಿಟ್ಟನೆ ಚೀರಿ ಎದ್ದು ಅವ್ವನ ಹಾಸಿಗೆಗೆ ಹಾರಿದ. ಕಸ್ತೂರಿ ಮಿಸುಕಲಿಲ್ಲ. ಎಂಥ ಗಟ್ಟಿ ನಿದ್ದೆ!

ಗಟ್ಟಿ ನಿದ್ದೆ ಎಂದೇ ಬರೆಯುತ್ತೇನೆ.

10 ಜುಲೈ, ಭಾನುವಾರ. ಮಣ್ಣೆತ್ತಿನ ಅಮಾವಾಸ್ಯೆ

ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಓಣಿಯೆಲ್ಲ ಶಾಂತ. ಬೇರೆ ಅಮಾವಾಸ್ಯೆಗೆ ಗುಡಿ, ನೆಂಟರು ಅಂತ ತಿರುಗಿ ಬಿಡುತ್ತೇವೆ. ಈ ಸಲ ಮಳೆ, ಮನೆಯಲ್ಲೇ ಇದ್ದೆವು. ನಾನು ಎರೆಮಣ್ಣು ಕಲಸಿ ಎತ್ತು ಮಾಡಿದೆ. ನಾನು ಮಾಡಿದ್ದು ನಾಯಿಯ ಹಾಗಿದೆ ಎಂದು ಉಳವಪ್ಪ ತಾನೇ ಬೇರೆ ಮಾಡಿದ. ಅವನದು ಇಲಿಯ ಹಾಗಿತ್ತು. ಕುಸುಬಿ ಕಾಳು ಚುಚ್ಚಿ ಕಣ್ಣು ಮಾಡಿ, ಇಲಿಯಂಥ ಎತ್ತನ್ನು ತಂಗಿಗೆ ಕೊಟ್ಟ. ಅವಳು ಅದನ್ನು ಎದೆಗೊತ್ತಿ ಕೂತಳು. ಮೈಯೆಲ್ಲ ಮಣ್ಣು. ಇಷ್ಟು ಸುಖದ ದಿನ ಈ ವರ್ಷ ಬಂದಿರಲಿಲ್ಲ.

ಹೂರಣದ ಕಡುಬು ಬಡಿಸುವಾಗ ಅವ್ವನ ಕೈಯಿಂದ ಹಿತ್ತಾಳೆಯ ಪರಾತ ಜಾರಿ ಕಲ್ಲುಹಾಸಿಗೆ ಬಿತ್ತು. ಮನೆಯೆಲ್ಲ ಗಣಗಣ ಅಂದಿತು. ನಾವೆಲ್ಲ ಬೆಚ್ಚಿದೆವು. ಪರಾತ ಬಿದ್ದದ್ದು ಕಸ್ತೂರಿಯ ಬೆನ್ನ ಹಿಂದೆಯೇ. ಅವಳು ಅವ್ವನ ಮಡಿಚಿಟ್ಟ ದಪ್ಪ ಕೌದಿಯ ಮೇಲೆ ಕೂತಿದ್ದಳು. ಎತ್ತಿನ ಕಣ್ಣನ್ನು ಮೆಲ್ಲಗೆ ಒತ್ತುತ್ತಿದ್ದಳು. ಒತ್ತುತ್ತಲೇ ಇದ್ದಳು.

ಪರಾತ ಉರುಳಿ ಉರುಳಿ ನಿಂತಿತು. ಸುಮಿತ್ರಾ ನನ್ನನ್ನು ನೋಡಿದಳು. ನಾನು ಕಡುಬು ತಿಂದೆ.

22 ಜುಲೈ, ಶುಕ್ರವಾರ

ಇಷ್ಟು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದೇನಲ್ಲ.

ದಿನಾ ಒಂದೇ ವಿಚಾರ. ಮಗ್ಗ ನಿಂತರೆ ಏಳುತ್ತಾಳಲ್ಲ? ನೇಯುತ್ತ ನೇಯುತ್ತ ತೊಲೆ ನೋಡುತ್ತಿದ್ದೆ. ಮಗ್ಗಕ್ಕೂ ತೊಟ್ಟಿಲಿಗೂ ಒಂದೇ ತೊಲೆ. ನೋಡಿಯೂ ನೋಡದ ಹಾಗೆ ಮತ್ತೆ ನೇಯುತ್ತಿದ್ದೆ. ಕೊನೆಗೆ ಇವತ್ತು ಮಧ್ಯಾಹ್ನ ತೊಟ್ಟಿಲು ಬಿಚ್ಚಿದೆ. ನಡುಮನೆಯಲ್ಲಿ, ಮಗ್ಗ ಮುಟ್ಟದ ಬೇರೆ ತೊಲೆಗೆ ಕಟ್ಟಿದೆ. ಅವ್ವ ಕೈಯಲ್ಲೇ ಕೇಳಿದಳು, ಯಾಕೆ? ನಾನು ಹಗ್ಗ ಬಿಗಿದೆ.

ಸುಮಿತ್ರಾ ತೂಗಿ ಮಲಗಿಸಿದಳು. ಕಷ್ಟಪಟ್ಟು ನಿದ್ದೆ ಹೋಯಿತು ಕೂಸು. ನಾನು ಮಗ್ಗ ನಡೆಸಿದೆ. ನಿಲ್ಲಿಸಿದೆ. ಏಳಲಿಲ್ಲ. ಮತ್ತೆ ನಡೆಸಿದೆ, ನಿಲ್ಲಿಸಿದೆ. ಏಳಲಿಲ್ಲ. ಆಮೇಲೆ ಎದ್ದು ಹೋಗಿ ತೊಟ್ಟಿಲ ಹತ್ತಿರ ನಿಂತು ಕರೆದೆ. ಕಸ್ತೂರೀ. ಕಸ್ತೂರೆವ್ವಾ. ಗಂಟಲು ಹರಿಯುವ ಹಾಗೆ ಕೂಗಿದೆ. ಉಳವಪ್ಪ ಹೆದರಿ ಬಾಗಿಲಿಗೆ ಓಡಿದ. ಕೂಸು ಮಲಗಿಯೇ ಇತ್ತು. ತೊಟ್ಟಿಲ ಹಗ್ಗಕ್ಕೆ ಕೈ ತಾಗಿತು. ಅಷ್ಟಕ್ಕೇ ಕಣ್ಣು ಬಿಟ್ಟಳು. ನನ್ನನ್ನು ನೋಡಿ ನಕ್ಕಳು.

ಮೈಯಿಂದ ಕೇಳುತ್ತಿದ್ದಳು. ನಾನು ಅದನ್ನು ಕಿವಿ ಅಂದುಕೊಂಡೆ.

ಮಗ್ಗದ ಕುಣಿಯಲ್ಲಿ ಇಳಿದು ಕೂತು ಅತ್ತೆ. ಅವ್ವ ತನ್ನ ಮಗ್ಗ ಜೋರಾಗಿ ನಡೆಸಿದಳು, ಓಣಿಗೆ ಕೇಳದಿರಲೆಂದು.

2 ಆಗಸ್ಟ್, ಮಂಗಳವಾರ

ಹುಬ್ಬಳ್ಳಿ ದೊಡ್ಡಾಸ್ಪತ್ರೆ. ಬೆಳಗಿನ ರೈಲು. ಕಸ್ತೂರಿಗೆ ರೈಲೆಂದರೆ ದೊಡ್ಡ ತೊಟ್ಟಿಲು. ಕಿಟಕಿಯ ಕಟ್ಟಿಗೆಗೆ ಕೆನ್ನೆ ಇಟ್ಟು ಹುಬ್ಬಳ್ಳಿಯ ತನಕ ನಕ್ಕಳು. ಎದುರು ಕೂತಿದ್ದ ಮುದುಕಿ, “ಎಷ್ಟ ಶಾಂತ ಕೂಸವ್ವಾ,” ಎಂದಳು. ಸುಮಿತ್ರಾ ಕಿಟಕಿಯ ಹೊರಗೆ ನೋಡಿದಳು.

ಕಿವಿಯ ಡಾಕ್ಟರಬಾಯಿ ವಯಸ್ಸಾದವರು, ಮೆತ್ತಗೆ ಮಾತಾಡುತ್ತಾರೆ. ಹಿಂದಿನಿಂದ ಗಂಟೆ ಬಾರಿಸಿದರು, ಪೀಪಿ ಊದಿದರು. ಏನೂ ಇಲ್ಲ. ಕವಲಿನ ಕಬ್ಬಿಣದ ಕಡ್ಡಿಯೊಂದನ್ನು ಬಡಿದು ಕಿವಿಯ ಹಿಂದಿನ ಎಲುಬಿಗೆ ಹಿಡಿದರು. ಕಸ್ತೂರಿ ಕಿಲಕಿಲ ನಕ್ಕಳು. ನಾನು ಎದ್ದು ನಿಂತೆ. “ಕೇಳಿಸ್ತು! ನೋಡ್ರಿ ಬಾಯಾರ, ಕೇಳಿಸ್ತು!”

“ಕೂಡ್ರಿ,” ಎಂದರು. “ಕೇಳಿಸಿದ್ದಲ್ರಿ. ನಡುಗಿದ್ದು ಗೊತ್ತಾತು. ಹುಟ್ಟಿದಾಗಿಂದ ಹಿಂಗ ಇರಬೇಕು. ಇದಕ್ಕ ಔಷಧ ಇಲ್ಲ.”

ನೇಕಾರರ ಮನೆ ಎಂದ ಮೇಲೆ ನಮ್ಮ ಕೈಸನ್ನೆಯ ಕತೆ ಕೇಳಿದರು. ಕಸ್ತೂರಿ ಹೆಬ್ಬೆರಳೆತ್ತಿ ನೀರು ಕೇಳಿದ್ದನ್ನೂ ನೋಡಿದರು. ಆಮೇಲೆ ಹೇಳಿದರು. “ಕೈ ಬಂದ್ ಮಾಡ್ರಿ. ಕೈಲೆ ಕೆಲಸ ನಡದ್ರ ಕೂಸು ಬಾಯಿ ಯಾಕ ತಗೀತೈತಿ? ಬೆಳಕಿನ್ಯಾಗ ಎದುರ ಕೂತು, ತುಟಿ ತೋರಿಸಿ, ಒಂದೊಂದ ಮಾತು ಹೇಳ್ರಿ. ತುಟಿ ಅಲುಗಿಸೂಮಟ ಕೇಳಿದ್ದು ಕೊಡಬ್ಯಾಡ್ರಿ. ಐದು ತುಂಬಿದ ಮ್ಯಾಲ ಧಾರವಾಡದಾಗ ಶಾಲಿ ಐತಿ.”

ಹೊರಗೆ ಬಂದು ಸುಮಿತ್ರಾ ನೀರಿನ ನಳದ ಹತ್ತಿರ ನಿಂತು ಮುಖ ತೊಳೆದಳು. ಬಹಳ ಹೊತ್ತು ತೊಳೆದಳು. ಆಮೇಲೆ ಕೇಳಿದಳು, “ಬಾಯಿ ಬರ್ತೈತಿ ಅಂದ್ರಲ್ರೀ?”

ಬಾಯಿ ಬರುತ್ತದೆ ಎಂದು ಅವರು ಅಂದಿರಲಿಲ್ಲ. “ಹೂಂ, ಅಂದ್ರು,” ಎಂದೆ.

13 ಆಗಸ್ಟ್, ಶನಿವಾರ. ಪಂಚಮಿ

ಮನೆಯಲ್ಲಿ ಹೊಸ ಕಾನೂನು. ಕಸ್ತೂರಿಯ ಮುಂದೆ ಯಾರೂ ಕೈ ಎತ್ತುವ ಹಾಗಿಲ್ಲ. ಸುಮಿತ್ರಾ ಪೊಲೀಸರಿಗಿಂತ ಕಡೆ. ಅವ್ವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ತಿರುಗುತ್ತಾಳೆ. ಮೆಹಬೂಬಿ ಪಾಪ, ರಾಟಿ ತಿರುಗಿಸುವುದಕ್ಕೂ ಹೆದರುತ್ತಾಳೆ. ಮಗ್ಗ ನಡೆಯುವಾಗ ಊಟಕ್ಕೆ ಕರೆಯಬೇಕಾದರೆ ಕುಣಿಯ ತನಕ ಬಂದು ಕಿವಿಯಲ್ಲಿ ಕೂಗುತ್ತಾರೆ. ಬೆಚ್ಚಿಬಿದ್ದು ಎರಡು ಸಲ ಎಳೆ ಹರಿದುಕೊಂಡೆ.

ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದೆ. ಮಕ್ಕಳಿಬ್ಬರನ್ನೂ ಕೂಡಿಸಿ ಜೀಕಿದೆ. ಕಸ್ತೂರಿ ಶೇಂಗಾ ಉಂಡಿ ಕೇಳಿದಳು, ಕೈಯಲ್ಲಿ. ಸುಮಿತ್ರಾ ಎದುರು ಕೂತು “ಉಂ-ಡಿ” ಎಂದಳು. ಕಸ್ತೂರಿ ಅವಳ ತುಟಿ ನೋಡಿದಳು. ಮತ್ತೆ ಕೈ. ಮತ್ತೆ “ಉಂ-ಡಿ.” ಉಳವಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ತನ್ನ ಪಾಲಿನ ಉಂಡಿಯನ್ನು ತಂಗಿಯ ಬಾಯಿಗೆ ಬಾಯಿಂದಲೇ ದಾಟಿಸಿದ. ಕೈ ಎತ್ತಿಲ್ಲವಲ್ಲ! ಬೈಯುವುದಕ್ಕೂ ಬರಲಿಲ್ಲ, ನಗುವುದಕ್ಕೂ ಬರಲಿಲ್ಲ.

24 ಆಗಸ್ಟ್

ಕಸ್ತೂರಿ ಕಚ್ಚುತ್ತಾಳೆ. ಉಳವಪ್ಪನ ತೋಳಿನ ಮೇಲೆ ಹಲ್ಲಿನ ಗುರುತು. ಅನ್ನ ಚೆಲ್ಲುತ್ತಾಳೆ. ಮೊದಲು ನಮ್ಮ ಮುಖ ನೋಡಿ ಕೈ ಎತ್ತುತ್ತಿದ್ದಳು. ಈಗ ಗೋಡೆಯ ಕಡೆ ತಿರುಗಿ ಕೂರುತ್ತಾಳೆ, ಮಣ್ಣೆತ್ತಿನ ಮುಂದೆ. ಅದರ ಕಾಲು ಮುರಿದಿದೆ. ಅದಕ್ಕೆ ಮಾತ್ರ ಕೈ ಮಾಡುತ್ತಾಳೆ — ಊಟ? ನೀರು?

ಅವ್ವ ಹೇಳಿದಳು, “ಕೂಸಿನ ಜೋಡಿ ಠೂ ಬಿಟ್ಟಂಗ ಆಗೈತಲ್ಲೋ ವಿರೂಪಾ. ಅಕಿ ಏನ ತಪ್ಪ ಮಾಡ್ಯಾಳಂತ?”

ಸುಮಿತ್ರಾಳಿಗೆ ಹೇಳಿದೆ. ಅವಳು ಸಿಡಿದಳು. “ನನಗೇನ ಹಿಗ್ಗ ಅಂತ ತಿಳದೀರೇನು? ನಾಳೆ ಅಕಿ ಮತ್ತೊಬ್ಬರ ಮನಿಗೆ ಹೋಗಾಕಿ. ಅಲ್ಲಿ ಯಾರಿಗೆ ತಿಳಿತಾವ ನಿಮ್ಮ ಮಗ್ಗದ ಕೈಗೋಳು? ಒಂದ ಸಲ, ಒಂದ ಸಲ ಅವ್ವ ಅಂದ್ಲಂದ್ರ…”

ಅವಳ ಮಾತೂ ಸರಿ. ಅವ್ವನ ಮಾತೂ ಸರಿ. ನಡುವೆ ನಾನು, ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ.

1 ಸೆಪ್ಟೆಂಬರ್, ಗುರುವಾರ

ಬೆಳಿಗ್ಗೆ ಓಣಿಯಲ್ಲಿ ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಬಿಗಿದು ಗಂಜಿ ಹಚ್ಚುತ್ತಿದ್ದೆವು. ಗಂಜಿ ಹಚ್ಚುವಾಗ ಯಾರಿಗೂ ಕೈ ಬಿಡುವಿಲ್ಲ. ಬಿಸಿಲೇರಿದರೆ ನೂಲು ಕೆಡುತ್ತದೆ. ಕಸ್ತೂರಿ ಬಂದು ಸುಮಿತ್ರಾಳ ಸೀರೆ ಜಗ್ಗಿದಳು. ಹೆಬ್ಬೆರಳು ಎತ್ತಿದಳು. ಸುಮಿತ್ರಾ ಬಗ್ಗಿ ತುಟಿ ತೋರಿಸಿದಳು. “ನೀ-ರು.” ಮತ್ತೆ ಹೆಬ್ಬೆರಳು. “ನೀ-ರು. ಅನ್ನು ನನ ಬಂಗಾರಾ, ನೀ-ರು.” ನಾನು ಆ ತುದಿಯಲ್ಲಿದ್ದೆ. ನೋಡಿದೆ. ಹೋಗಲಿಲ್ಲ.

ಸ್ವಲ್ಪ ಹೊತ್ತಿಗೆ ಮೆಹಬೂಬಿ ಚೀರಿದಳು. ಕಟ್ಟೆಯ ಮೇಲಿನ ಗಂಜಿಯ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಕಸ್ತೂರಿ ಕುಡಿಯುತ್ತಿದ್ದಳು. ಗಂಜಿಗೆ ಹುಳ ಹಿಡಿಯದಿರಲೆಂದು ಮೈಲುತುತ್ತ ಹಾಕಿರುತ್ತೇವೆ. ವಿಷ ಅದು.

ಹಾಸನ್ನು ಹಾಗೇ ಬಿಟ್ಟು ಓಡಿದೆ. ಮೆಹಬೂಬಿಯ ಗಂಡ ಮುರ್ತುಜಾ ತನ್ನ ಟಾಂಗಾ ತಂದ. ಗದಗದ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಹಸಿರು ಹಸಿರು ವಾಂತಿ, ನನ್ನ ಅಂಗಿಯ ಮೇಲೆಲ್ಲ. “ವಾಂತಿ ಆಗಿದ್ದ ಚಲೋ ಆತು,” ಎಂದರು ಡಾಕ್ಟರು. ಹೊಟ್ಟೆ ತೊಳೆದರು. ಸಂಜೆಯವರೆಗೆ ಇಟ್ಟುಕೊಂಡರು. ನಾಲ್ಕರ ಹೊತ್ತಿಗೆ ಕಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡಿದಳು. ಕೈ ಎತ್ತಲಿಲ್ಲ. ಎತ್ತಿದರೆ ಕೊಡುವುದಿಲ್ಲ ಎಂದು ಕಲಿತುಬಿಟ್ಟಿದ್ದಾಳೆ.

ಆಗ ಸುಮಿತ್ರಾ ತಾನೇ ಹೆಬ್ಬೆರಳು ಎತ್ತಿದಳು. ನೀರು ಬೇಕಾ?

ಕಸ್ತೂರಿ ಆ ಹೆಬ್ಬೆರಳನ್ನೇ ನೋಡಿದಳು. ಆಮೇಲೆ ತನ್ನದನ್ನು ಎತ್ತಿದಳು.

ಟಾಂಗಾದಲ್ಲಿ ಬರುವಾಗ ಸುಮಿತ್ರಾ ಹೇಳಿದಳು, “ನೀರು ಕೇಳಿದ್ಲು. ನಾ ಕೊಡ್ಲಿಲ್ಲ.” ಮನೆ ಬರುವವರೆಗೂ ಅದೊಂದೇ ಮಾತು. ಕೊಡದೆ ನಿಂತು ನೋಡಿದವರಲ್ಲಿ ನಾನೂ ಇದ್ದೆ. ಅದನ್ನು ಅವಳಿಗೆ ಹೇಳಿದೆ.

4 ಸೆಪ್ಟೆಂಬರ್, ಭಾನುವಾರ

ಹಾಸು ಹಾಳಾಯಿತು. ಹೋಗಲಿ. ಕೂಸು ಚೆನ್ನಾಗಿದೆ, ಅನ್ನ-ಮಜ್ಜಿಗೆ ಉಂಡಿತು.

ಸುಮಿತ್ರಾ ಎಲ್ಲರನ್ನೂ ಕೂಡಿಸಿ ಹೇಳಿದಳು. “ಇನ್ನ ಬಾಯಿನೂ ಇರ್ಲಿ, ಕೈನೂ ಇರ್ಲಿ. ತುಟಿ ತೋರಿಸಿ ಹೇಳೂನು, ಕೈಲೇನೂ ಹೇಳೂನು. ಯಾವದು ಬರ್ತೈತಿ ಬರ್ಲಿ. ಕೇಳಿದ್ದು ಮಾತ್ರ ಕೊಡದ್ದ ಇರಬಾರ್ದು. ಡಾಕ್ಟರಬಾಯಾರಿಗೆ ನಾನ ಹೋಗಿ ಹೇಳ್ತೀನಿ.”

ಅವ್ವ ಸೆರಗಿನಿಂದ ಕೈ ಬಿಡಿಸಿಕೊಂಡು ಮೊದಲು ಮಾಡಿದ ಕೆಲಸ — ಮೊಮ್ಮಗಳ ಮುಂದೆ ಎರಡೂ ಕೈ ಆಡಿಸಿ ಒಂದೇ ಉಸಿರಿಗೆ ಏನೇನೋ ಹೇಳಿದಳು. ಅರ್ಧ ನನಗೇ ತಿಳಿಯಲಿಲ್ಲ. ಕಸ್ತೂರಿ ಮೊದಲು ನಂಬಲಿಲ್ಲ. ಒಬ್ಬೊಬ್ಬರ ಮುಂದೆ ಹೋಗಿ ನಿಂತು ಕೈ ಎತ್ತಿ ನೋಡಿದಳು, ಉತ್ತರ ಬರುತ್ತದೋ ಇಲ್ಲವೋ ಎಂದು. ಎಲ್ಲರಿಂದಲೂ ಬಂತು. ಉಳವಪ್ಪ ಎರಡು ಸಲ ಕೊಟ್ಟ.

ಕೊನೆಗೆ ಸುಮಿತ್ರಾಳ ಮುಂದೆ ನಿಂತಳು. ಬೆರಳಿನಿಂದ ಮೂಗು ಮುಟ್ಟಿಕೊಂಡಳು. ಮೂಗುತಿ.

ನಾನು ಅವ್ವನ ಮುಖ ನೋಡಿದೆ. “ಇದೇನ ಹೊಸಾದಲ್ಲಪಾ,” ಎಂದಳು ಅವ್ವ. “ಯುಗಾದಿ ಹಿಂದ-ಮುಂದನ ಸುರು ಮಾಡಿತ್ತು. ಸುಮಿತ್ರಾ ನೀರಿಗೆ ಹೋದಾಗೊಮ್ಮೆ ಬಾಗಿಲಕ್ಕ ನಿಂತು ಮೂಗು ಮುಟ್ಕೊಂಡ ಅಳತಿತ್ತು. ಕೂಸು ಹಂಗ ಆಡತೈತಿ ಅಂತ ಸುಮ್ನಿದ್ದೆ.”

ಎಂದಿನಿಂದಲೋ ಕರೆಯುತ್ತಿದ್ದಳು. ನಾವು ಕಿವಿಗೊಟ್ಟು ಕೂತಿದ್ದೆವು, ಕಣ್ಣು ಬಿಟ್ಟಿರಲಿಲ್ಲ. ಸುಮಿತ್ರಾ ಕೂಸನ್ನು ತಬ್ಬಿಕೊಂಡು ಅತ್ತದ್ದು ಅತ್ತದ್ದೇ. ಆಮೇಲೆ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

“ನಾಳಿಂದ ನಳದ ನೀರು ನಿಮ್ದು.”

20 ಸೆಪ್ಟೆಂಬರ್

ನಳಕ್ಕೆ ನೀರು ಬೆಳಗಿನ ಐದಕ್ಕೆ. ಹೆಂಗಸರ ನಡುವೆ ಕೊಡ ಹಿಡಿದು ನಿಂತಿರುತ್ತೇನೆ. “ಏನ ವಿರೂಪಾಕ್ಷಣ್ಣ, ಸುಮಿತ್ರವ್ವಗ ಆರಾಮ ಇಲ್ಲೇನು?” ಎಂದು ಕೇಳುತ್ತಾರೆ. “ಪಂತ ಸೋತೀನಿ,” ಎನ್ನುತ್ತೇನೆ. ಯಾರೂ ನಂಬುವುದಿಲ್ಲ.

ತೊಟ್ಟಿಲನ್ನು ಮತ್ತೆ ಮಗ್ಗದ ತೊಲೆಗೇ ಕಟ್ಟಿದ್ದೇನೆ.

5 ನವೆಂಬರ್, ಶನಿವಾರ

ದೀಪಾವಳಿ. ನಿನ್ನೆ ಮಗ್ಗದ ಪೂಜೆ. ಉಳವಪ್ಪನಿಗೆ ಲವಂಗಿ ಪಟಾಕಿ, ಕಸ್ತೂರಿಗೆ ಸುರಸುರಬತ್ತಿ. ಸುರಸುರಬತ್ತಿಗೂ ಒಂದು ಸನ್ನೆ ಮಾಡಿದ್ದಾಳೆ, ಐದು ಬೆರಳು ಪಟಪಟ ಬಿಚ್ಚಿ. ನಾವು ಕಲಿಸಿದ್ದಲ್ಲ, ಅವಳದೇ. ಈಗ ಎಮ್ಮೆಗೆ, ಮಳೆಗೆ, ಮುರ್ತುಜಾನ ಕುದುರೆಗೆ, ಮೆಹಬೂಬಿಯ ಬಳೆಗೆ ಒಂದೊಂದು. ಮನೆಯವರೆಲ್ಲ ಅವಳ ಹತ್ತಿರ ಕಲಿಯುತ್ತಿದ್ದೇವೆ. ಅವ್ವ ಮಾತ್ರ ಮರೆತು ಮರೆತು ಬೈಸಿಕೊಳ್ಳುತ್ತಾಳೆ.

ಸುಮಿತ್ರಾ ಹುಬ್ಬಳ್ಳಿಗೆ ಹೋಗಿ ಡಾಕ್ಟರಬಾಯಿಯವರಿಗೆ ಹೇಳಿ ಬಂದಳು. ಅವರಿಗೆ ಅಷ್ಟು ಮನಸ್ಸಿಗೆ ಬರಲಿಲ್ಲವಂತೆ. ಆದರೆ ಕೂಸನ್ನು ನೋಡಿ, “ಹಿಗ್ಗಿನ್ಯಾಗ ಐತಿ,” ಎಂದರಂತೆ. ಬಾಯಿ ಇನ್ನೂ ಬಂದಿಲ್ಲ. ದಿನಾ ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಎದುರು ಬದುರು ಕೂತು ಇಬ್ಬರೂ ತುಟಿ ಆಡಿಸುತ್ತಾರೆ. ಒಮ್ಮೊಮ್ಮೆ ‘ಬ’ ಬರುತ್ತದೆ.

ಎಲ್ಲರಿಗೂ ಸನ್ನೆ ಇದೆ, ಕುದುರೆಗೂ ಇದೆ. ನನಗಿಲ್ಲ. ಇಷ್ಟು ವಯಸ್ಸಾಗಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದು ಸಣ್ಣತನ. ಆದರೂ ಇದೆ ಬೇಜಾರು. ನನ್ನ ಹತ್ತಿರ ಬರುತ್ತಾಳೆ, ಕಂಬಕ್ಕೆ ಕೆನ್ನೆ ಇಡುತ್ತಾಳೆ, ನನ್ನ ತೊಡೆಯ ಮೇಲೆ ಮಲಗುತ್ತಾಳೆ. ಕರೆಯುವುದಿಲ್ಲ.

23 ನವೆಂಬರ್, ಬುಧವಾರ. ಸಂಜೆ

ಬೆಳಿಗ್ಗೆ ಸೊಸೈಟಿಗೆ ಸೀರೆ ಒಪ್ಪಿಸಲು ಹೋದವನು ಈಗ ಬಂದೆ. ನೂಲು ಬಂದಿರಲಿಲ್ಲ, ಕಾಯಿಸಿದರು. ಕಸ್ತೂರಿಯನ್ನು ಮನೆಯಲ್ಲಿ ಬಿಟ್ಟು ಇಡೀ ದಿನ ನಾನಿಲ್ಲದ್ದು, ಅವಳು ಹುಟ್ಟಿದ ಮೇಲೆ ಇದೇ ಮೊದಲಿರಬೇಕು.

ಒಳಗೆ ಕಾಲಿಡುವುದರೊಳಗೆ ಅವ್ವ ಸುರು ಮಾಡಿದಳು. ಕೂಸು ಮುಂಜಾನೆಯಿಂದ ಒಂದೇ ಹಟ ಹಿಡಿದಿದೆ. ಮುಷ್ಟಿ ಎದೆಯ ಮಟ್ಟಕ್ಕೆ ಎತ್ತುತ್ತದೆ, ಜಗ್ಗಿದಂತೆ ಮಾಡುತ್ತದೆ. ಅವ್ವ ಗುಡಿಯ ಗಂಟೆ ಅಂದುಕೊಂಡು ಗುಡಿಗೆ ಕರೆದೊಯ್ದಳಂತೆ. ಅಲ್ಲ. ಮೆಹಬೂಬಿ ತೊಟ್ಟಿಲ ಹಗ್ಗ ಕೊಟ್ಟಳಂತೆ. ಅಲ್ಲ, ಬಿಸಾಕಿದಳಂತೆ. ಉಳವಪ್ಪ ಶಾಲೆಯಿಂದ ಬಂದು ಬಾವಿಯ ಹಗ್ಗ ಅಂದನಂತೆ. ಅವನಿಗೂ ಒಂದು ಏಟು ಬಿತ್ತಂತೆ.

ಸುಮಿತ್ರಾ ಅಡಿಗೆಮನೆಯಿಂದ ಹೊರಗೆ ಬಂದಳು. ಮುಖದ ತುಂಬ ನಗು, ಕಣ್ಣಲ್ಲಿ ನೀರು.

“ನನಗ ಮಧ್ಯಾಹ್ನನ ತಿಳೀತು. ನೀವು ಬರ್ಲಿ ಅಂತ ಸುಮ್ನಿದ್ದೆ. ಖಾಲಿ ಮಗ್ಗದ ಮುಂದ ನಿಂತು ಮಾಡಾಕತ್ತಿದ್ಲು. ದಿನಾ ಕೂತು ಲಾಳಿ ಹಗ್ಗ ಜಗ್ಗಾವ್ರು ಯಾರ್ರೀ ಈ ಮನ್ಯಾಗ?”

ನಾನು ಗೂಡಿನಿಂದ ಡೈರಿ ತೆಗೆದು ಇಲ್ಲಿ ಬಂದು ಕೂತೆ. ಅವರ ಮುಂದೆ ಅಳುವುದು ಬೇಡ ಎಂದು. ಇವತ್ತಿನ ತಾರೀಖು ಸರಿಯಾಗಿ ಬರೆದಿಟ್ಟುಕೊಳ್ಳಬೇಕು. ಮೇಲೆ ಬರೆದಿದ್ದೇನೆ, ಸರಿ ಇದೆ.

ಹಿತ್ತಲಲ್ಲಿ ಉಳವಪ್ಪನೊಡನೆ ಆಡುತ್ತಿದ್ದವಳು ನನ್ನ ಚಪ್ಪಲಿ ನೋಡಿದಳೆಂದು ಕಾಣುತ್ತದೆ. ಬಾಗಿಲಿಗೆ ಬಂದು ನಿಂತಿದ್ದಾಳೆ. ಕಾಲೆಲ್ಲ ಮಣ್ಣು. ಕೈ ಎತ್ತಿದಳು. ಮುಷ್ಟಿ ಬಿಗಿದು ಜಗ್ಗುತ್ತಿದ್ದಾಳೆ. ಮತ್ತೆ. ಮತ್ತೆ ಜಗ್ಗಿದಳು. ಸಿಟ್ಟು ಬರುತ್ತಿದೆ ಅವಳಿಗೆ, ಇನ್ನೂ ಬರೆಯುತ್ತ ಕೂತಿದ್ದೇನಲ್ಲ —

ಬಂದೆ ನನ್ನವ್ವಾ, ಬಂ